ಗೋಡೆಯ ಮೇಲಿನ ಹುಲಸೂರ ಬಸ್ಸು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗಾಗುವಷ್ಟರಲ್ಲಿ ಅವರು ಈಗಿರುವ ಮಾಣಿಕನಗರದಿಂದ ಫೋನು ಬರುತ್ತದೆ. "ಮೇಡಂ, ನಿಮಗ ಬರಿಯಾಕ ಬ್ಯಾರೆ ಏನೂ ಸಿಗಲಿಲ್ಲೇನ್ರಿ?" ಎಂದು ಶುರುವಾದರೆ ನನ್ನ ಚಹಾ ಆರುವ ತನಕ ಮುಗಿಯುವುದಿಲ್ಲ. ಆದ್ದರಿಂದ ಮಾಸ್ತರು ಎಂದಷ್ಟೇ ಕರೆಯುತ್ತೇನೆ. ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ, ಹೆದ್ದಾರಿಯಿಂದ ತುಸು ಒಳಗಿರುವ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಅವರು ಗಣಿತ ಹೇಳುತ್ತಿದ್ದರು, ನಾನು ಕನ್ನಡ. ಹೋದ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಅಂದಿನಿಂದ ಸ್ಟಾಫ್ ರೂಮಿನಲ್ಲಿ ನನಗೆ ಜಗಳಾಡಲು ಯಾರೂ ಇಲ್ಲ.

ಗಿಡ್ಡ ಆಳು. ಇಸ್ತ್ರಿ ಮಾಡಿದ ಅಂಗಿ, ಅದರ ಜೇಬಿನ ತುಂಬ ಸೀಮೆಸುಣ್ಣದ ತುಂಡು. ಕಣ್ಮುಚ್ಚಿ ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಎರಡು ಬೆರಳು. ತೋರುಬೆರಳನ್ನೂ ನಡುಬೆರಳನ್ನೂ ಜೋಡಿಸಿ ತುಟಿಯ ಮೇಲೆ ಒತ್ತಿ ಹಿಡಿದು ಕೂತಿರುತ್ತಿದ್ದರು. ಹೊಸದಾಗಿ ಬಂದವರು ಹಲ್ಲುನೋವು ಎಂದುಕೊಳ್ಳುತ್ತಿದ್ದರು. ಹಲ್ಲುನೋವಲ್ಲ. ಮಕ್ಕಳು ಲೆಕ್ಕ ಮಾಡುವಾಗ ತಮ್ಮ ಬಾಯಿಂದ ಉತ್ತರ ಹೊರಬೀಳದಂತೆ ಹಾಕಿಕೊಂಡ ಬಾಗಿಲು ಅದು. ಆ ಬಾಗಿಲು ಎಷ್ಟು ಗಟ್ಟಿ ಎಂಬುದು ಗೊತ್ತಾದದ್ದು ರೇಣುಕಾ ಎಂಬ ಹುಡುಗಿಯಿಂದ. ಅವಳು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುತ್ತಾಳೋ ಇಲ್ಲವೋ ಎಂಬ ಪ್ರಶ್ನೆ ನಮ್ಮ ಶಾಲೆಯನ್ನು ಇಡೀ ಚಳಿಗಾಲ ಕಾಡಿತು. ಅದಕ್ಕೆ ಬರುತ್ತೇನೆ. ಮೊದಲು ಈ ಮನುಷ್ಯ ಎಂಥವರಾಗಿದ್ದರು ಎಂದು ಹೇಳಿಬಿಡುತ್ತೇನೆ.

ನಾನು ಈ ಶಾಲೆಗೆ ಬಂದಾಗ ಅವರ ಬಾಯಿಗೆ ಬೆರಳಿನ ಕಾವಲಿರಲಿಲ್ಲ. ಅವರು ಪಾಠ ಹೇಳಿದರೆ ಪಕ್ಕದ ಕೋಣೆಯಲ್ಲಿದ್ದ ನನ್ನ ಹಳಗನ್ನಡ ಕೊಚ್ಚಿಹೋಗುತ್ತಿತ್ತು. ನಾನು ಪದ್ಯ ಓದುತ್ತಿದ್ದರೆ ನನ್ನ ಮಕ್ಕಳು ಗೋಡೆಯಾಚೆಯ ತ್ರಿಕೋನ ಕೇಳುತ್ತಿದ್ದವು. ಮಾಸ್ತರ ಪಾಠ ಅಷ್ಟು ಚಂದ. ಊರಿನವರು ಬೇಲಿಯಾಚೆ ನಿಂತು ಕೇಳಿಹೋಗುತ್ತಿದ್ದರು. ಕೊನೆಗೆ "ತಿಳೀತೇನ್ರೋ?" ಎಂದರೆ ಇಡೀ ತರಗತಿ "ತಿಳೀತ್ರೀ ಸರ!" ಎಂದು ಛಾವಣಿ ಹಾರಿಸುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಅರ್ಧಕ್ಕರ್ಧ ಮಕ್ಕಳು ಮಕಾಡೆ ಮಲಗುತ್ತಿದ್ದವು. ಮಾಸ್ತರು ಉತ್ತರಪತ್ರಿಕೆಯ ಕಟ್ಟು ಹಿಡಿದು ಸ್ಟಾಫ್ ರೂಮಿಗೆ ಬಂದು, "ಇಷ್ಟು ಬರೋಬ್ಬರ್ ಹೇಳೀನಿ, ಎಲ್ಲಿಗಿ ಹೋತ್ರಿ ಅದು?" ಎಂದು ನನ್ನನ್ನೇ ಕೇಳುತ್ತಿದ್ದರು.

ಆಮೇಲೊಂದು ವರ್ಷ ಅವರ ಗಂಟಲು ಕೂತಿತು. ಹುಮನಾಬಾದಿನ ಡಾಕ್ಟರು ಟಾರ್ಚು ಹಾಕಿ ನೋಡಿ, ಪಿಸುಮಾತು ಕೂಡ ಆಡಬಾರದು ಎಂದುಬಿಟ್ಟರು. ರಜೆ ಹಾಕಲು ಮಾಸ್ತರು ಒಪ್ಪಲಿಲ್ಲ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದು ತರಗತಿಯ ಮೂಲೆಯಲ್ಲಿ ಕೂರುತ್ತಿದ್ದರು. ಮೊದಲ ಕೆಲವು ದಿನ ಸಂತೆಯೋ ಸಂತೆ. ನಂತರ ಮಕ್ಕಳಿಗೇ ಬೇಸರ ಬಂದು ಒಬ್ಬರನ್ನೊಬ್ಬರು ಕೇಳಲು ಶುರುಮಾಡಿದರು. ಒಬ್ಬ ಹಿಂದಿನ ಪಾಠ, ಇನ್ನೊಬ್ಬ ಮುಂದಿನ ಪಾಠ, ಮತ್ತೊಬ್ಬಳು ಎರಡು ವರ್ಷ ಹಿಂದಿನ ಗುಣಾಕಾರ. ಮಾಸ್ತರು ಮೂಲೆಯಲ್ಲಿ ಕೂತು ನೋಡಿದರು. ತಾವು ಒಂದೇ ತರಗತಿ ಎಂದು ತಿಳಿದುಕೊಂಡಿದ್ದು ನಲವತ್ತು ಬೇರೆ ಬೇರೆ ಜಾಗದಲ್ಲಿ ನಿಂತವರು ಎಂದು ಅವರಿಗೆ ಅಲ್ಲಿ ಹೊಳೆಯಿತು. ಆ ಸಲದ ಕಿರುಪರೀಕ್ಷೆಯಲ್ಲಿ ಮಕ್ಕಳು ಹಿಂದೆಂದಿಗಿಂತ ಚೆನ್ನಾಗಿ ಮಾಡಿದವು.

ಗಂಟಲು ಸರಿಯಾದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಇದು: "ಮೇಡಂ, ನನ್ನ ದನಿ ಹೋದ ಮ್ಯಾಗ ಹುಡುಗರ ದನಿ ಬಂತ್ರಿ." ಹೇಳುವಾಗ ಮುಖ ಸಣ್ಣದಾಗಿತ್ತು. ಇಷ್ಟು ವರ್ಷದ ಅಷ್ಟು ಚಂದದ ಪಾಠ ಯಾರಿಗೂ ಬೇಕಿರಲಿಲ್ಲ ಎಂದರೆ ಯಾವ ಮೇಷ್ಟ್ರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಒಂದು ವಾರ ಸಪ್ಪಗಿದ್ದರು. ಆಮೇಲೆ ಬಣ್ಣದ ಡಬ್ಬಿ ಹಿಡಿದು ಬಂದರು.

ಹತ್ತನೆಯ ತರಗತಿಯ ಕೋಣೆಯ ಹಿಂದಿನ ಗೋಡೆಯ ಮೇಲೆ ಉದ್ದಕ್ಕೆ ಗೆರೆಗಳನ್ನು ಎಳೆದರು. ಪ್ರತಿ ಗೆರೆಗೂ ಒಂದು ವಿಷಯ: ಭಿನ್ನರಾಶಿ, ಸಮೀಕರಣ, ತ್ರಿಕೋನ, ವೃತ್ತ, ಹೀಗೆ. ಪ್ರತಿ ಗೆರೆಯ ಮೇಲೂ ಆರು ಮೊಳೆಗಳು, ಮೊಳೆಯ ಕೆಳಗೆ ನಮ್ಮ ಬಸ್ಸಿನ ಹಾದಿಯ ಸ್ಟಾಪುಗಳ ಹೆಸರು: ಮನ್ನಾಏಖೇಳ್ಳಿ, ಹುಮನಾಬಾದ, ರಾಜೇಶ್ವರ, ಸಸ್ತಾಪುರ ಬಂಗ್ಲಾ, ಬಸವಕಲ್ಯಾಣ, ಕೊನೆಗೆ ಹುಲಸೂರ. ಪಾಠ ಮನ್ನಾಏಖೇಳ್ಳಿಯಲ್ಲಿ ಹತ್ತುತ್ತದೆ, ಹುಲಸೂರಿನಲ್ಲಿ ಇಳಿಯುತ್ತದೆ. ಪ್ರತಿ ಮಗುವಿಗೂ ಒಂದು ಬಾಟಲಿ ಮುಚ್ಚಳ. ಅದಕ್ಕೆ ತೂತು ಹಾಕಿ ದಾರ ಕಟ್ಟಿ, ಮೇಲೆ ಅವರವರ ಹೆಸರು ಬರೆದುಕೊಳ್ಳಬೇಕು. ತಾನು ಎಲ್ಲಿಗೆ ಬಂದಿದ್ದೇನೆ ಎಂದು ಮಗುವೇ ನೋಡಿಕೊಂಡು ಆ ಮೊಳೆಗೆ ಮುಚ್ಚಳ ನೇತುಹಾಕಬೇಕು. ಮುಂದಿನ ಸ್ಟಾಪಿಗೆ ಹೋಗುವ ಮೊದಲು ಪರೀಕ್ಷೆ ಉಂಟು. ಆದರೆ ಯಾವಾಗ ಎಂದು ಮಾಸ್ತರು ಹೇಳುವುದಿಲ್ಲ. ಮಗುವೇ ಎದ್ದು ನಿಂತು "ಈಗ ಕೇಳ್ರಿ" ಅನ್ನಬೇಕು. ಅಲ್ಲಿಯವರೆಗೆ ಯಾರೂ ಕೇಳುವಂತಿಲ್ಲ, ಮಾಸ್ತರೂ ಕೇಳುವಂತಿಲ್ಲ.

"ಯಾವ ಹುಡುಗ ತಾನಾಗೇ ಎದ್ದು ನನಗ ಪರೀಕ್ಷಾ ಮಾಡ್ರಿ ಅಂತಾನ್ರಿ ಸರ? ಖಾಲಿಪೀಲಿ ಕನಸು ಕಾಣಾಕತ್ತೀರಿ" ಎಂದು ನಾನು ನಕ್ಕೆ.

"ಬಸ್ಸಿನ್ಯಾಗ ಕುಂತವನಿಗಿ ತನ್ನ ಊರು ಬಂದಾಗ ಇಳಿಯಾಕ ಯಾರರ ಹೇಳಬೇಕೇನ್ರಿ ಮೇಡಂ?" ಎಂದರು ಅವರು.

ಎರಡು ತಿಂಗಳಿಗೆ ನನ್ನ ನಗು ನಿಂತಿತು. ಪರೀಕ್ಷೆ ಮಾಡುವ ಕೆಲಸವನ್ನೂ ಅವರು ಮಕ್ಕಳಿಗೇ ಬಿಟ್ಟಿದ್ದರು. ವಾರಕ್ಕೊಬ್ಬರು ಕಂಡಕ್ಟರು. ಯಾರಾದರೂ "ಈಗ ಕೇಳ್ರಿ" ಎಂದರೆ ಕಂಡಕ್ಟರು ಲೆಕ್ಕ ಕೊಟ್ಟು, ಉತ್ತರ ಬಂದ ಮೇಲೆ "ಟಿಕೆಟ್ ತೋರ್ಸು" ಎನ್ನಬೇಕು. ಟಿಕೆಟ್ ಎಂದರೆ, ಬಂದ ಉತ್ತರವನ್ನು ತಿರುಗಿ ಪ್ರಶ್ನೆಯೊಳಗೇ ಇಟ್ಟು, ಅದು ಕೂಡಿಬರುತ್ತದೆಯೇ ಎಂದು ತೋರಿಸುವುದು. ಟಿಕೆಟ್ ಇಲ್ಲದವರು ಇದ್ದಲ್ಲೇ ಇರಬೇಕು. ಮಾಸ್ತರಾದರೂ ಕರಗಿ ಬಿಟ್ಟಾರು, ಈ ಕಂಡಕ್ಟರ್ ಹುಡುಗಿಯರು ಬಿಡುತ್ತಿರಲಿಲ್ಲ. ತನ್ನ ಸ್ವಂತ ಅಣ್ಣನನ್ನು ರಾಜೇಶ್ವರದಲ್ಲೇ ಮೂರು ವಾರ ನಿಲ್ಲಿಸಿದವಳೊಬ್ಬಳಿದ್ದಳು. ಮನೆಯಲ್ಲಿ ಅವನು ಅವಳ ಜೊತೆ ಮಾತು ಬಿಟ್ಟಿದ್ದನಂತೆ.

ಊರಿನ ಕಿರಾಣಿ ಅಂಗಡಿಯವರು ಒಂದು ದಿನ ಸಿಟ್ಟಿನಿಂದ ಬಂದರು. ರೇಣುಕಾಳ ತರಗತಿಯಲ್ಲೇ ಇದ್ದ ಅವರ ಮಗ ಎಲ್ಲ ಗೆರೆಗಳಲ್ಲೂ ಹುಲಸೂರು ಮುಟ್ಟಿ ಸುಮ್ಮನೆ ಕೂತಿದ್ದ. "ನನ್ನ ಮಗ ಮುಂದ ಅದಾನ್ರಿ ಮಾಸ್ತರ. ಹಿಂದಿನವರು ಬರೋ ತನಕ ಅವ ಯಾಕ ಸ್ಟ್ಯಾಂಡಿನ್ಯಾಗ ಕೂಡ್ರಬೇಕು?" ಎಂದರು. ಮಾಸ್ತರು ಹುಡುಗನಿಗೇ ಬಣ್ಣದ ಬ್ರಷ್ಷು ಕೊಟ್ಟು, "ಹುಲಸೂರ ಮುಂದ ರಸ್ತೆ ಮುಗದದೇನೋ? ದಾಟಿದರ ಮಹಾರಾಷ್ಟ್ರ ಅದ. ಮುಂದಿನ ಊರು ನೀನ ಹಾಕ್ಕೋ, ಏನು ಕಲೀಬೇಕು ಅದೂ ನೀನ ಹೇಳು" ಎಂದರು. ಹುಡುಗ ಗೆರೆಯನ್ನು ಕಿಟಕಿಯ ತನಕ ಎಳೆದ. ಕಿಟಕಿ ಅಡ್ಡ ಬಂದಾಗ ಮಾಸ್ತರು ಅದರ ಕಟ್ಟೆಯ ಮೇಲೂ ಎಳೆಯಲು ಬಿಟ್ಟರು. ಅಂಗಡಿಯವರು ಅದನ್ನು ನೋಡಿ ಮೀಸೆಯಲ್ಲೇ ನಗುತ್ತ ಹೋದರು.

ಈಗ ಎಲ್ಲಕ್ಕಿಂತ ಕೆಳಗಿನ ಗೆರೆಯ ಮಾತು. ಅದು ಮಾಸ್ತರದ್ದು. ಅದರ ವಿಷಯ ಗಣಿತವಲ್ಲ. ಗೆರೆಯ ಮುಂದೆ 'ಉತ್ತರ ಹೇಳದೆ ಇರೋದು' ಎಂದು ಅವರೇ ಬರೆದಿದ್ದರು. ಅದಕ್ಕೆ ತೂಗುಹಾಕಿದ್ದು ಇಂಕಿನ ಬಾಟಲಿಯ ಒಂದು ಹಳೆಯ ಮುಚ್ಚಳ. ಮಗುವೊಂದು ಲೆಕ್ಕ ಮಾಡುವಾಗ ಮಾಸ್ತರು ತಡೆಯಲಾರದೆ ಉತ್ತರ ಹೇಳಿಬಿಟ್ಟರೆ ಆ ವಾರದ ಕಂಡಕ್ಟರು ಹೋಗಿ ಮುಚ್ಚಳವನ್ನು ಒಂದು ಸ್ಟಾಪು ಹಿಂದಕ್ಕೆ ತರುತ್ತಿದ್ದರು; ಬಹಳ ದಿನ ತಡೆದುಕೊಂಡರೆ ಮುಂದಕ್ಕೆ. ಹುಲಸೂರಿಗೆ ಮಾತ್ರ ಮಾಸ್ತರೇ ಪರೀಕ್ಷೆ ಕೇಳಬೇಕು. ವರ್ಷಗಟ್ಟಲೆ ಆ ಮುಚ್ಚಳ ರಾಜೇಶ್ವರಕ್ಕೂ ಸಸ್ತಾಪುರ ಬಂಗ್ಲಾಕ್ಕೂ ನಡುವೆ ಓಡಾಡಿತು. ಮಕ್ಕಳು "ಸರ, ಕೇಳ್ಲೇನ್ರಿ?" ಎಂದು ಕಾಡುತ್ತಿದ್ದರು. ಅವರು "ಇನ್ನಾ ಇಲ್ರಪಾ" ಎಂದು ಬೆರಳು ತುಟಿಗಿಡುತ್ತಿದ್ದರು. ಇಷ್ಟು ಒಳ್ಳೆಯ ಮಾತುಗಾರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು ಎಂದು ನನಗೆ ಒಳಗೊಳಗೇ ಮಜಾ ಅನಿಸುತ್ತಿತ್ತು.

ರೇಣುಕಾ ಕುರಿಗಾರರ ಮನೆಯ ಹುಡುಗಿ. ಕೊಯ್ಲು ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ಕೂಡಿಸುತ್ತ ಅವರ ಮನೆಯವರು ವರ್ಷದಲ್ಲಿ ಹಲವು ವಾರ ಊರೂರು ತಿರುಗುತ್ತಾರೆ. ಹುಡುಗಿ ಜೊತೆಗೆ ಹೋಗುತ್ತಿದ್ದಳು. ಮರಳಿ ಬರುವಷ್ಟರಲ್ಲಿ ತರಗತಿ ನಾಲ್ಕು ಪಾಠ ಮುಂದೆ. ಐದನೆಯ ತರಗತಿಯಿಂದ ಹೀಗೇ ಆಗಿ, ಹತ್ತಕ್ಕೆ ಬಂದಾಗ ಅವಳು ಬೋರ್ಡಿನಲ್ಲಿದ್ದದ್ದನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದಳು, ಒಂದೂ ಅರ್ಥವಾಗುತ್ತಿರಲಿಲ್ಲ. ಕನ್ನಡದಲ್ಲಿ ಜಾಣೆ. ನನ್ನ ತರಗತಿಯಲ್ಲಿ ಪಟಪಟ ಮಾತಾಡುವವಳು ಗಣಿತದ ಗಂಟೆ ಬಾರಿಸಿದರೆ ಕೊನೆಯ ಬೆಂಚಿಗೆ ಹೋಗಿ ಕೂರುತ್ತಿದ್ದಳು.

ಜೂನ್ ತಿಂಗಳಲ್ಲಿ ಮಾಸ್ತರು ಅವಳಿಗೆ ಮುಚ್ಚಳ ಕೊಟ್ಟರು. ಎಲ್ಲರೂ ಸಮೀಕರಣದ ಗೆರೆಗೆ ಹಾಕಿದ್ದನ್ನು ನೋಡಿ ಅವಳೂ ಅಲ್ಲಿಗೇ ಹಾಕಲು ಹೋದಳು. ಮಾಸ್ತರು ಏನೂ ಅನ್ನದೆ ಒಂದು ಲೆಕ್ಕ ಕೊಟ್ಟರು: ಅರ್ಧಕ್ಕೆ ಮೂರನೇ ಒಂದು ಕೂಡಿಸು. ಅವಳು ಮೇಲಿನದಕ್ಕೆ ಮೇಲಿನದನ್ನೂ ಕೆಳಗಿನದಕ್ಕೆ ಕೆಳಗಿನದನ್ನೂ ಕೂಡಿಸಿ ಐದನೇ ಎರಡು ಎಂದು ಬರೆದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಹುಡುಗಿಯ ಕಣ್ಣಲ್ಲಿ ನೀರು ಬಂತು.

ಮಾಸ್ತರು ಅವಳ ಪಕ್ಕ ಬೆಂಚಿನ ಮೇಲೆ ಕೂತು ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. "ಅಳಬ್ಯಾಡವಾ. ಬಸ್ಸು ನಿನ್ನ ಬಿಟ್ಟು ಹೋಗಿತ್ತು, ಅದು ನಿನ್ನ ತಪ್ಪಲ್ಲ. ಆದರ ಇಳಿದ ಸ್ಟಾಪಿನ್ಯಾಗೇ ಹತ್ತಬೇಕು. ಮುಂದಿನ ಊರಿನ್ಯಾಗ ನಿಂತರ ಬರೇ ಧೂಳು ಕಾಣ್ತದ." ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನೀ ಬರದ ಐದನೇ ಎರಡು, ಅದು ಅರ್ಧಕ್ಕಿಂತ ದೊಡ್ಡದೋ ಸಣ್ಣದೋ?" ಕೇಳಿ ಎದ್ದು ಹೋಗಿಬಿಟ್ಟರು. ಬೆರಳು ತುಟಿಯ ಮೇಲಿತ್ತು.

ಮರುದಿನ ಪ್ರಾರ್ಥನೆಗೂ ಮೊದಲು ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ. "ಸರ, ಸಣ್ಣದ್ರಿ. ಅರ್ಧ ರೊಟ್ಟಿಗಿ ಇನ್ನಷ್ಟು ಕೂಡಿಸಿದ ಮ್ಯಾಗ ಅರ್ಧಕ್ಕಿಂತ ಕಮ್ಮಿ ಆಗಂಗಿಲ್ರಿ. ನಂದು ಗಲತ್ ಅದ." ಉತ್ತರ ಇನ್ನೂ ಸಿಕ್ಕಿರಲಿಲ್ಲ, ತಪ್ಪು ಸಿಕ್ಕಿತ್ತು. ಮಾಸ್ತರ ಮುಖ ನೋಡಬೇಕಿತ್ತು, ಮಗಳಿಗೆ ನೌಕರಿ ಸಿಕ್ಕಿತೇನೋ ಎಂಬಂತೆ ಅರಳಿತ್ತು. ಹುಡುಗಿ ತಾನಾಗಿಯೇ ಹೋಗಿ ತನ್ನ ಮುಚ್ಚಳವನ್ನು ಭಿನ್ನರಾಶಿಯ ಗೆರೆಗೆ, ಮನ್ನಾಏಖೇಳ್ಳಿಗೆ ಹಾಕಿದಳು. ಇಡೀ ಹತ್ತನೆಯ ತರಗತಿಯಲ್ಲಿ ಆ ಗೆರೆಯಲ್ಲಿದ್ದವಳು ಅವಳೊಬ್ಬಳೇ.

ದೀಪಾವಳಿಯ ಹೊತ್ತಿಗೆ ಭಿನ್ನರಾಶಿ ಮುಗಿಸಿ ಸಮೀಕರಣದ ಗೆರೆಗೆ ಬಂದಿದ್ದಳು. ಆಗ ಮುಖ್ಯಗುರುಗಳು ಸ್ಟಾಫ್ ರೂಮಿನಲ್ಲೇ ಇರುವ ತಮ್ಮ ಮೇಜಿಗೆ ಮಾಸ್ತರನ್ನು ಕರೆದರು, ನಾನೂ ಅಲ್ಲಿದ್ದೆ. ನಮ್ಮ ಮುಖ್ಯಗುರುಗಳು ಕೆಟ್ಟವರಲ್ಲ, ಹೆದರಿಕೆಯ ಮನುಷ್ಯ. ಶಾಲೆಯ ಫಲಿತಾಂಶ ಕುಸಿದರೆ ಮೇಲಿನವರ ಮುಂದೆ ಕೈಕಟ್ಟಿ ನಿಲ್ಲಬೇಕಾದವರು ಅವರೇ ತಾನೇ.

"ಆ ಕುರಿಯವರ ಹುಡುಗೀದು ಹಾಜರಿ ಕಮ್ಮಿ ಅದ. ಗಣಿತದಾಗ ಹೋಗೋದು ಖಾತ್ರಿ. ಈ ವರ್ಷ ಪರೀಕ್ಷಾಕ್ಕ ಬ್ಯಾಡ್ರಿ, ಮುಂದಿನ ವರ್ಷ ನೋಡೋಣು" ಎಂದರು.

"ಮುಂದಿನ ವರ್ಷ ಆಕಿ ಬರಂಗಿಲ್ರಿ ಸರ. ಬಿಟ್ಟರ ಬಿಟ್ಟಂಗ. ನಿಮಗೂ ಗೊತ್ತದ" ಎಂದರು ಮಾಸ್ತರು.

ಅದು ನಿಜ. ಅವಳ ಅಪ್ಪ ಬಾಯಿಬಿಟ್ಟು ಹೇಳಿದ್ದರು: ಹತ್ತು ದಾಟಿದರೆ ಬಸವಕಲ್ಯಾಣದ ಹಾಸ್ಟೆಲಿನಲ್ಲಿಟ್ಟು ಓದಿಸುತ್ತೇನೆ, ಹತ್ತರಲ್ಲಿ ನಿಂತರೆ ಕುರಿಯ ಹಿಂದೆ ಕರೆದೊಯ್ಯುತ್ತೇನೆ. ಅದರಲ್ಲಿ ಕೋಪವಿರಲಿಲ್ಲ. ಮನೆಯಲ್ಲಿ ಕೈಗಳು ಕಡಿಮೆ.

ಮುಖ್ಯಗುರುಗಳು ಜಗ್ಗಲಿಲ್ಲ. "ಹಂಗಿದ್ರ ಕರೀರಿ ಆಕಿನ್ನ. ಈಗಿಂದೀಗ ನಾನ ನಾಕು ಲೆಕ್ಕ ಕೇಳ್ತೀನಿ. ಬಂತಂದ್ರ ನಾ ಮೇಲಿನವರಿಗಿ ಬರದು ಹಾಜರಿದು ಮಾಫಿ ತಗೋತೀನಿ. ಬರ್ಲಿಲ್ಲ ಅಂದ್ರ ನೀವು ಸುಮ್ಮಕಾಗಬೇಕು" ಎಂದರು. ನಮ್ಮ ಮುಖ್ಯಗುರುಗಳೂ ಒಂದು ಕಾಲಕ್ಕೆ ಗಣಿತದವರೇ.

ರೇಣುಕಾ ಬಂದು ನಿಂತಳು. ಮುಖ್ಯಗುರುಗಳು ಲೆಕ್ಕ ಹೇಳಲು ಬಾಯಿ ತೆರೆದರು. ಹುಡುಗಿ ಮೆಲ್ಲಗೆ, ಆದರೆ ನೆಟ್ಟಗೆ ನೋಡಿ ಹೇಳಿದಳು: "ಸರ, ಇವತ್ತು ಬ್ಯಾಡ್ರಿ. ನಾ ಇನ್ನಾ ರಾಜೇಶ್ವರದಾಗ ಇದ್ದೀನ್ರಿ. ಎಳ್ಳಮಾಸಿ ಮುಗದ ಮ್ಯಾಗ ನಾನ ಬಂದು ಹೇಳ್ತೀನಿ, ಆವಾಗ ಕೇಳ್ರಿ."

ಮಕ್ಕಳು ಪರೀಕ್ಷೆ ಬೇಡ ಎಂದು ಓಡಿಹೋಗುವುದನ್ನು ನಾವು ಕಂಡಿದ್ದೇವೆ. ಪರೀಕ್ಷೆಗೆ ದಿನ ಗೊತ್ತುಮಾಡಿ, ಆ ದಿನಕ್ಕೆ ತಾನೇ ಬರುತ್ತೇನೆಂದು ಮುಖ್ಯಗುರುಗಳ ಎದುರು ಹೇಳಿದ ಮಗುವನ್ನು ನಾನು ಕಂಡಿರಲಿಲ್ಲ. ಮುಖ್ಯಗುರುಗಳು ಮಾಸ್ತರ ಮುಖ ನೋಡಿದರು. ಮಾಸ್ತರು ಅವಳನ್ನೇ ತೋರಿಸಿ, "ಆಕಿ ಕಲಿಕಿ, ಆಕಿ ಜಿಮ್ಮೇದಾರಿ. ಆಕಿ ಜೋಡಿ ಮಾತಾಡ್ರಿ" ಎಂದರು. ಮುಖ್ಯಗುರುಗಳು ಪೆನ್ನು ತಿರುಗಿಸುತ್ತ, "ಎಳ್ಳಮಾಸಿ ಮುಗದ ಮ್ಯಾಗ ಒಂದು ದಿನಾನೂ ತಡೀಂಗಿಲ್ಲ ನೋಡವಾ" ಎಂದರು.

ಅದಾದ ವಾರಕ್ಕೇ ಅವಳ ಮನೆಯವರು ಕುರಿ ಹೊಡೆದುಕೊಂಡು ಚಿಟಗುಪ್ಪದ ಕಡೆ ಹೊರಟರು. ಅವಳನ್ನು ಬಿಟ್ಟುಹೋಗಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾಸ್ತರ ಮುಖ ಬಾಡಿತು, ನನ್ನದೂ ಬಾಡಿತು. ಹುಡುಗಿ ಮಾತ್ರ ಹೋಗುವ ದಿನ ಗೋಡೆಯಿಂದ ತನ್ನ ಮುಚ್ಚಳ ತೆಗೆದು ಕಂಡಕ್ಟರ್ ಹುಡುಗಿಯ ಕೈಗೆ ಕೊಟ್ಟಳು. "ನಾ ಫೋನಿನ್ಯಾಗ ಹೇಳ್ತೀನಿ, ನೀ ಸರಿಸು" ಎಂದಳು.

ಅಪ್ಪನ ಮೊಬೈಲಿನಿಂದ ಅವಳು ದನಿ ರೆಕಾರ್ಡು ಮಾಡಿ ಮಾಸ್ತರ ಫೋನಿಗೆ ಕಳಿಸತೊಡಗಿದಳು. ಮಾಡಿದ ಲೆಕ್ಕವನ್ನು ಬಾಯಲ್ಲೇ ಬಿಡಿಸಿ ಹೇಳುವುದು. ಹಿಂದೆ ಕುರಿಗಳ ಬ್ಯಾ ಬ್ಯಾ, ನಾಯಿ ಬೊಗಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾಸ್ತರ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಇಡೀ ತರಗತಿ ಅದನ್ನು ಕೇಳುತ್ತಿತ್ತು. ಕಂಡಕ್ಟರು ತಿರುಗಿ ಕೂಗುತ್ತಿದ್ದಳು: "ರೇಣುಕಾ, ಉತ್ತರ ಹೇಳಿದಿ, ಟಿಕೆಟ್ ಎಲ್ಲದ?" ಸಂಜೆ ನೆಟ್‌ವರ್ಕ್ ಸಿಕ್ಕ ಕಡೆಯಿಂದ ಟಿಕೆಟ್ ಬರುತ್ತಿತ್ತು. ಕಿರಾಣಿ ಅಂಗಡಿಯವರ ಮಗ, ಮಹಾರಾಷ್ಟ್ರ ದಾಟಿ ಹೋಗಿದ್ದವನು, ತಾನಾಗಿ ಬಂದು ಅವಳಿಗೆ ಲೆಕ್ಕ ಆರಿಸಿ ಕಳಿಸತೊಡಗಿದ. ಮಾಸ್ತರು ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಾಕಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದರು. ಹುಡುಗಿ ಫೋನಿನಲ್ಲಿ ತಪ್ಪು ಹೇಳಿದಾಗಲೆಲ್ಲ ದೊಡ್ಡ ತುತ್ತೊಂದನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು, ಉತ್ತರ ಮಾತ್ರ ಹೊರಬೀಳುತ್ತಿರಲಿಲ್ಲ. ಆ ದಿನಗಳಲ್ಲೇ ಇಂಕಿನ ಮುಚ್ಚಳ ಸಸ್ತಾಪುರ ಬಂಗ್ಲಾ ದಾಟಿ ಮೊದಲ ಸಲ ಬಸವಕಲ್ಯಾಣಕ್ಕೆ ಹೋಯಿತು. ಅದನ್ನು ಮಾಸ್ತರು ಗಮನಿಸಿದಂತೆ ತೋರಲಿಲ್ಲ.

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅದು ಹೊಲದಲ್ಲಿ ಕೂತು ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಅಂಬಲಿ ಉಣ್ಣುವ ದೊಡ್ಡ ಹಬ್ಬ. ಹಬ್ಬ ಕಳೆದ ಮರುದಿನ ಸ್ಟಾಫ್ ರೂಮಿನಲ್ಲಿ ನಾವು ಉಳಿದ ಭಜ್ಜಿಯ ಡಬ್ಬಿ ಬಿಚ್ಚಿ ಕೂತಿದ್ದೆವು. ಬಾಗಿಲಲ್ಲಿ ಸದ್ದಾಯಿತು. ಬಿಸಿಲಿಗೆ ಕಂದಿದ ಮುಖ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ತೊಳೆದ ಯೂನಿಫಾರ್ಮು. ಹಿಂದೆ ತಲೆಗೆ ರುಮಾಲು ಸುತ್ತಿದ ಅಪ್ಪ. ಮುಖ್ಯಗುರುಗಳ ಮೇಜಿನ ಎದುರಿಗೆ ಬಂದು ನಿಂತು ರೇಣುಕಾ ಹೇಳಿದಳು.

"ಸರ, ಈಗ ಕೇಳ್ರಿ."

ಅವಳ ಅಪ್ಪ ಮಾಸ್ತರಿಗೆ ಕೈಮುಗಿದು, "ನನ್ನ ಫೋನಿನ್ಯಾಗ ಇಡೀ ದಿನ ಗಣಿತಾನ ಮಾತಾಡ್ತದ್ರಿ ಮಾಸ್ತರ. ಕುರೀಗೂ ಬಂದದ ಈಗ" ಎಂದರು. ಯಾರಿಗೂ ನಗಲು ಧೈರ್ಯವಾಗಲಿಲ್ಲ. ಮುಖ್ಯಗುರುಗಳು ಭಜ್ಜಿಯ ಕೈ ತೊಳೆದು ಬಂದು ಸ್ಟಾಫ್ ರೂಮಿನ ಬೋರ್ಡಿನ ಮುಂದೆ ನಿಂತರು. ಮೊದಲ ಮೂರು ಲೆಕ್ಕ ಅವಳು ಹೂವೆತ್ತಿದಂತೆ ಮಾಡಿದಳು. ನಾಲ್ಕನೆಯದು: ಒಂದು ಆಯತಾಕಾರದ ಜಾಗ, ಉದ್ದ ಅಗಲಕ್ಕಿಂತ ಐದು ಮೀಟರು ಹೆಚ್ಚು, ಒಟ್ಟು ವಿಸ್ತೀರ್ಣ ಎಂಬತ್ತನಾಲ್ಕು ಚದರ ಮೀಟರು. ಉದ್ದ ಎಷ್ಟು, ಅಗಲ ಎಷ್ಟು?

ಸಮೀಕರಣ ಸರಿಯಾಗಿ ಬಂತು. ಬಿಡಿಸುವಾಗ ಎರಡು ಚಿಹ್ನೆ ಅದಲುಬದಲಾದವು, ಪ್ಲಸ್ ಇರುವಲ್ಲಿ ಮೈನಸ್ ಬಿತ್ತು. ಅಗಲ ಹನ್ನೆರಡು ಎಂದು ಬರೆದಳು. ನನಗೆ ಗಣಿತ ಬಾರದು. ತಪ್ಪಾಯಿತೆಂದು ಗೊತ್ತಾದದ್ದು ಮಾಸ್ತರ ಕುತ್ತಿಗೆಯ ನರ ನೋಡಿ. ಅವರ ಎರಡು ಬೆರಳು ತುಟಿಗೆ ಹೋದವು, ಆಮೇಲೆ ಇಡೀ ಅಂಗೈ ಹೋಯಿತು. ಒಂದು ಸಣ್ಣ ಕೆಮ್ಮು ಕೆಮ್ಮಿದ್ದರೂ ಹುಡುಗಿ ತಿರುಗಿ ನೋಡುತ್ತಿದ್ದಳು, ಅವಳ ವರ್ಷ ಉಳಿಯುತ್ತಿತ್ತು. ಅವರು ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದರೆ ಬೇವಿನ ಗಿಡದ ಕೆಳಗಿನ ನಲ್ಲಿಗೆ ಬಾಯೊಡ್ಡಿ ನೀರು ಕುಡಿಯುತ್ತಿದ್ದರು. ಸುಮ್ಮನಿರಲಾರದವರು ಸುಮ್ಮನಿರುವುದು ಅಂದರೆ ಏನೆಂದು ಅವತ್ತು ನಾನು ಕಣ್ಣಾರೆ ಕಂಡೆ.

ತಪ್ಪು ಹಾಕಲು ಮುಖ್ಯಗುರುಗಳ ಕೆಂಪು ಪೆನ್ನು ಕೈಯಲ್ಲಿದ್ದ ಹಾಳೆಯ ಮೇಲೆ ಎದ್ದಿತ್ತು. "ತಡೀರಿ ಸರ" ಎಂದಳು ಹುಡುಗಿ. "ಟಿಕೆಟ್ ನೋಡ್ತೀನಿ." ಅಗಲ ಹನ್ನೆರಡಾದರೆ ಉದ್ದ ಹದಿನೇಳು. ಗುಣಿಸಿದಳು. ಇನ್ನೂರ ನಾಲ್ಕು ಬಂತು. "ಎಂಬತ್ತನಾಕು ಬರಬೇಕಾಗಿತ್ತು" ಎಂದು ತನಗೆ ತಾನೇ ಹೇಳಿಕೊಂಡಳು. ತುಸು ಹೊತ್ತು ಬೋರ್ಡನ್ನೇ ನೋಡಿದಳು. ಆಮೇಲೆ ಅಂಗೈಯಿಂದ ಎರಡು ಚಿಹ್ನೆ ಒರೆಸಿ ಅದಲುಬದಲು ಮಾಡಿದಳು. ಅಗಲ ಏಳು, ಉದ್ದ ಹನ್ನೆರಡು. ಏಳು ಹನ್ನೆರಡಲೆ ಎಂಬತ್ತನಾಲ್ಕು.

"ಇನ್ನೊಂದು ಉತ್ತರ ಮೈನಸ್ ಹನ್ನೆರಡು ಬಂದದಲ್ಲವಾ, ಅದನ್ಯಾಕ ಬಿಟ್ಟಿ?" ಮುಖ್ಯಗುರುಗಳ ಕೊನೆಯ ಬಾಣ.

"ಜಾಗದ ಅಗಲ ಮೈನಸ್ ಇರಂಗಿಲ್ಲಲ್ರಿ ಸರ."

ಮುಖ್ಯಗುರುಗಳು ಪೆನ್ನಿನ ಮುಚ್ಚಳ ಹಾಕಿದರು. ಅವರ ಮೋರೆಯ ಮೇಲೆ ನಗು ಬಂದದ್ದನ್ನು ನಾನು ಅಪರೂಪಕ್ಕೆ ಕಂಡದ್ದು. "ಇಂಥಾಕಿನ್ನ ಪರೀಕ್ಷಾಕ್ಕ ಕೂಡ್ರಿಸಲಿಲ್ಲ ಅಂದ್ರ ನಾ ಎದರ ಹೆಡ್ ಮಾಸ್ತರ್ರಿ" ಎಂದವರೇ ಮೇಲಿನವರಿಗೆ ಬರೆಯಲು ಕೂತರು. ನಾನು ಹೊರಗೆ ಓಡಿದೆ. ಮಾಸ್ತರು ಇನ್ನೂ ನಲ್ಲಿಯ ಹತ್ತಿರವೇ ಇದ್ದರು, ಅಂಗಿಯೆಲ್ಲ ಒದ್ದೆ. "ಬಂತ್ರಿ ಸರ, ಬಂತು!" ಎಂದೆ. ಅವರು ಏನಾದರೂ ದೊಡ್ಡ ಮಾತು ಆಡಬಹುದೆಂದು ಕಾದೆ. "ಟಿಕೆಟ್ ನೋಡಿದಳೇನ್ರಿ?" ಎಂದರು. ನೋಡಿದಳು ಎಂದೆ. ಆಗ ಬೇವಿನ ಗಿಡಕ್ಕೆ ಒರಗಿ, ಸಣ್ಣ ಹುಡುಗನಂತೆ ಅತ್ತುಬಿಟ್ಟರು. ನನಗೂ ಅಳು ಬಂತು.

ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಗಣಿತದಲ್ಲಿ ಶಾಲೆಗೆ ಮೊದಲು ಕಿರಾಣಿ ಅಂಗಡಿಯವರ ಮಗ, ಎರಡನೆಯವಳು ರೇಣುಕಾ. ಆ ತರಗತಿಯಲ್ಲಿ ಗಣಿತದಲ್ಲಿ ಹೋದವರು ಒಬ್ಬರೂ ಇರಲಿಲ್ಲ. ಅವಳ ಅಪ್ಪ ಮಾತಿಗೆ ತಪ್ಪಲಿಲ್ಲ. ಮರುವಾರವೇ ಬಸವಕಲ್ಯಾಣದಲ್ಲಿ ಕಾಲೇಜಿಗೂ ಹಾಸ್ಟೆಲಿಗೂ ಹೆಸರು ಹಚ್ಚಿಸಿ ಬಂದರು.

ಶಾಲೆ ಮತ್ತೆ ತೆರೆದ ದಿನಗಳಲ್ಲೇ ಮಾಸ್ತರ ಬೀಳ್ಕೊಡುಗೆ. ದೊಡ್ಡ ಕೋಣೆ ಅದೊಂದೇ ಆದ್ದರಿಂದ ಹತ್ತನೆಯ ತರಗತಿಯಲ್ಲೇ ಇಟ್ಟುಕೊಂಡೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಭಾಷಣಗಳು ಮುಗಿಯುವ ಹೊತ್ತಿಗೆ ಬೆವರಿಳಿಯುತ್ತಿತ್ತು. ಮುಖ್ಯಗುರುಗಳು, "ಈಗ ಮಾಸ್ತರು ಮಕ್ಕಳಿಗೆ ಎರಡು ಹಿತವಚನ ಹೇಳಬೇಕು" ಎಂದು ಮೈಕು ಕೊಟ್ಟರು. ಮಾಸ್ತರು ಎದ್ದರು. ಮೈಕನ್ನು ಮೇಜಿನ ಮೇಲೆ ಮಲಗಿಸಿದರು. ಹಿಂದಿನ ಗೋಡೆಯ ಕೆಳಗಿನ ಗೆರೆಯನ್ನು, ಬಸವಕಲ್ಯಾಣದಲ್ಲಿ ತೂಗುತ್ತಿದ್ದ ಇಂಕಿನ ಮುಚ್ಚಳವನ್ನು ನೋಡಿದರು. ಆಮೇಲೆ ಬೀಳ್ಕೊಡುಗೆಗೆಂದು ಬಂದು ಮಕ್ಕಳ ನಡುವೆ ಕೂತಿದ್ದ ರೇಣುಕಾಳ ಕಡೆ ತಿರುಗಿದರು.

"ಈಗ ಕೇಳ್ರಿ" ಎಂದರು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಹಳೆಯ ಮಕ್ಕಳಿಗೆ ಮೊದಲು ತಿಳಿಯಿತು, ಕೋಣೆಯೆಲ್ಲ ಗುಜುಗುಜು. ಮಾಸ್ತರು ಕುರ್ಚಿಗೆ ಮರಳಿದರು, ರೇಣುಕಾ ಎದ್ದು ಬಂದಳು. ಎಂಟನೆಯ ತರಗತಿಗೆ ಆ ವಾರವಷ್ಟೇ ಸೇರಿದ್ದ ಒಬ್ಬ ಪುಟ್ಟ ಹುಡುಗಿಯನ್ನು ಬೋರ್ಡಿಗೆ ಕರೆದು ಸೀಮೆಸುಣ್ಣ ಕೊಟ್ಟಳು. "ಅರ್ಧಕ್ಕ ಮೂರನೇ ಒಂದು ಕೂಡ್ಸು" ಎಂದಳು. ಪುಟ್ಟಿ ಪಟಪಟನೆ ಬರೆದಳು: ಐದನೇ ಎರಡು. ಬರೆದು ಮಾಸ್ತರ ಮುಖ ನೋಡಿದಳು, ಸರಿಯೋ ತಪ್ಪೋ ಎಂದು.

ಮಾಸ್ತರ ಬೆರಳು ತುಟಿಗೆ ಹೋಗಲಿಲ್ಲ. ಕೈ ಎರಡೂ ತೊಡೆಯ ಮೇಲಿದ್ದವು. ಸುಮ್ಮನೆ ಅವಳನ್ನು ನೋಡುತ್ತ ಕೂತಿದ್ದರು, ಮುಖದಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. ಮುಂದಿನ ಸಾಲಿನಲ್ಲಿದ್ದ ಕಿರಾಣಿ ಅಂಗಡಿಯವರಿಗೆ ತಡೆಯಲಾಗದೆ "ಅದು ಹಂಗಲ್ಲವಾ" ಎಂದು ಬಾಯಿ ತೆರೆದರು; ರೇಣುಕಾ ಕಣ್ಣು ಬಿಟ್ಟ ರಭಸಕ್ಕೆ ಬಾಯಿ ಮುಚ್ಚಿಕೊಂಡರು. ಪುಟ್ಟಿ ಮತ್ತೆ ಬೋರ್ಡು ನೋಡಿದಳು. ಮತ್ತೆ ಮಾಸ್ತರನ್ನು ನೋಡಿದಳು. ಅಲ್ಲಿ ಏನೂ ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬೆನ್ನು ತಿರುಗಿಸಿ ನಿಂತು ಯೋಚಿಸಿದಳು.

"ಇದು ಅರ್ಧಕ್ಕಿಂತ ಕಮ್ಮಿ ಆತಲ್ರೀ!" ಎಂದು ಒಮ್ಮೆಲೇ ಕೂಗಿದಳು. "ಕೂಡಿಸಿದರ ಹೆಂಗ ಕಮ್ಮಿ ಆತದ?" ಒರೆಸಿದಳು. ಅರ್ಧ ಎಂದರೆ ಆರರಲ್ಲಿ ಮೂರು, ಮೂರನೇ ಒಂದು ಎಂದರೆ ಆರರಲ್ಲಿ ಎರಡು ಎಂದು ಬೆರಳಲ್ಲಿ ಎಣಿಸಿದಳು. ಆರನೇ ಐದು ಎಂದು ಬರೆದಳು.

ಕೋಣೆ ಎದ್ದು ನಿಂತಿತು. ಚಪ್ಪಾಳೆ, ಸಿಳ್ಳೆ, ಬೆಂಚು ಬಡಿಯುವ ಸದ್ದು. ಮುಖ್ಯಗುರುಗಳು ಕೂಡ ಮೇಜು ಬಡಿದರು. ರೇಣುಕಾ ಗೋಡೆಗೆ ಹೋಗಿ ಇಂಕಿನ ಮುಚ್ಚಳ ತೆಗೆದು, ಎಲ್ಲರಿಗೂ ತೋರಿಸಿ, ಹುಲಸೂರಿನ ಮೊಳೆಗೆ ಹಾಕಿದಳು. ಆ ಬಾಯಿಬಡುಕ ಮನುಷ್ಯ ತಮ್ಮ ಬೀಳ್ಕೊಡುಗೆಯಲ್ಲಿ ಎರಡೇ ಶಬ್ದ ಆಡಿ ಮನೆಗೆ ಹೋದರು, ಶಾಲು ಹೆಗಲ ಮೇಲೆ, ನಗು ಕಿವಿಯ ತನಕ.

ಆ ಮುಚ್ಚಳ ಇವತ್ತಿಗೂ ಅಲ್ಲೇ ಇದೆ. ಜುಲೈ ತಿಂಗಳಲ್ಲಿ ಅದೇ ಕೋಣೆಯಲ್ಲಿ ಕನ್ನಡ ಹೇಳುವಾಗ ಒಬ್ಬ ಹುಡುಗ ಪದ್ಯದ ಸಾಲೊಂದಕ್ಕೆ ಅರ್ಥ ಹುಡುಕುತ್ತ ತಡವರಿಸುತ್ತಿದ್ದ. ನನ್ನ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತು. ನಾನು ನನಗರಿವಿಲ್ಲದೆ ಎರಡು ಬೆರಳು ತುಟಿಗೊತ್ತಿಕೊಂಡಿದ್ದೆ. ಮಕ್ಕಳು ಅದನ್ನು ನೋಡಿಬಿಟ್ಟರು. ಮರುದಿನ ಬರುವಷ್ಟರಲ್ಲಿ ಮಾಸ್ತರ ಗೆರೆಯ ಮೊದಲ ಮೊಳೆಯಲ್ಲಿ ಒಂದು ಹೊಸ ಮುಚ್ಚಳ ತೂಗುತ್ತಿತ್ತು, ಮೇಲೆ ನನ್ನ ಹೆಸರು.

"ಮೇಡಂ, ಎಲ್ಲಿಗಿ ಬಂದ್ರಿ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಇನ್ನಾ ಮನ್ನಾಏಖೇಳ್ಳಿದಾಗ ಇದ್ದೀನ್ರಪಾ" ಎಂದೆ. "ಆದರ ಬಸ್ಸು ಹತ್ತೀನಿ."